ಮರದ ಮುಚ್ಚಳ

ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಕಾಲು ಮಾಡಿ ಬೆರಳ ಸಂದಿಯಲ್ಲಿ ಹಿಡಿದುಕೊಳ್ಳುವಷ್ಟರಲ್ಲಿ ಫೋನು ಬಡಿದುಕೊಂಡಿತು. ತಾಯಿ ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿ, ಒಂದು ಕೈಯಲ್ಲಿ ಮಗಳ ಕೂದಲು ಬಿಡದೆ, ಇನ್ನೊಂದು ಕೈ ಚಾಚಿ ಫೋನೆತ್ತಿದಳು. ಅತ್ತ ಕಡೆ ಅವಳು ಕೆಲಸ ಮಾಡುವ ಕ್ರೀಮಿನಂಗಡಿಯ ಒಡತಿ. ಇವತ್ತು ಒಂದು ಗಂಟೆ ಮುಂಚೆ ಬರಬೇಕು, ಸಂಜೆ ನಾಲ್ಕಕ್ಕೆ ಗಿರಾಕಿಗಳನ್ನೆಲ್ಲ ಕರೆದಿರುವುದು ನೆನಪಿದೆಯಲ್ಲ, ನಿನ್ನೆ ವಾಪಸ್ಸು ಬಂದ ಡಬ್ಬಿಗಳು ಹಾಗೇ ಬಿದ್ದಿವೆ, ಸಾಲದ್ದಕ್ಕೆ ಒಂದು ಸಣ್ಣ ತಾಪತ್ರಯವೂ ಆಗಿದೆ, ಬಂದ ಮೇಲೆ ಹೇಳುತ್ತೇನೆ ಎಂದಳು. ಬಾಯಲ್ಲಿ ಬಾಚಣಿಗೆ ಇದ್ದುದರಿಂದ ತಾಯಿಗೆ "ಹೂಂ" ಎನ್ನುವುದಷ್ಟೇ ಸಾಧ್ಯವಾಯಿತು. ಬಾಚಣಿಗೆ ಇಲ್ಲದಿದ್ದರೂ ಅವಳು ಒಡತಿಗೆ ಹೇಳುವುದು ಹೆಚ್ಚುಕಡಿಮೆ ಅಷ್ಟೇ.

ಶಾಲೆಗೆ ರಜೆ. ಮಗಳ ಅಪ್ಪ ಹಗಲು ಪಾಳಿಗೆ ಹೋಗಿಯಾಗಿತ್ತು. ಮಗಳನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ಎಂಟು ವರ್ಷದ ಈ ಹುಡುಗಿಯನ್ನು ಮನೆಯಲ್ಲೂ ಬೀದಿಯಲ್ಲೂ ಎಲ್ಲರೂ ಚೂಟಿ ಎಂದೇ ಕರೆಯುತ್ತಿದ್ದರು. ಅವಳ ಕಣ್ಣು ಇರುವೆಯ ಸಾಲಿನಷ್ಟೇ ಬಿಡುವಿಲ್ಲದ್ದು. ಎಲ್ಲಿ ಏನು ಚೆಲ್ಲಿದೆ ಎಂದು ಮೊದಲು ಅದಕ್ಕೇ ಗೊತ್ತಾಗುತ್ತಿತ್ತು.

"ಹೀಗೇ ಬರೋದಾ? ಅರ್ಧ ತಲೆ ಬಾಚ್ಕೊಂಡು?" ಎಂದಳು ಚೂಟಿ. "ಇವತ್ತು ಟೀಚರ್ ಬರ್ತಾರೆ."

"ಅವರು ಬರೋದು ಸಂಜೆಗೆ. ಅಲ್ಲೇ ಹಾಕ್ತೀನಿ, ಬಾ."

ಟೀಚರ್ ಬರುತ್ತಾರೆ ಎನ್ನುವುದು ಈ ಮನೆಯಲ್ಲಿ ಹತ್ತು ದಿನದಿಂದ ಹಬ್ಬದಂತಾಗಿತ್ತು. ಟೀಚರ್ ಹೆರಿಗೆಗೆ ಹೋದ ಮೇಲೆ ಚೂಟಿ ಅವರನ್ನು ನೋಡಿರಲಿಲ್ಲ. ಕೂಸಿಗೀಗ ಐದು ತಿಂಗಳು. ಶಾಲೆಯಲ್ಲಿ ಪೋಷಕರ ಸಭೆ ನಡೆದ ದಿನ ಟೀಚರ್ ಅರ್ಧ ಗಂಟೆ ಬಂದುಹೋಗಿದ್ದರು. ಮಕ್ಕಳಿಲ್ಲದ ದಿನ ಅದು. ಕೂಸಿನ ಕೆನ್ನೆ ಒಡೆದು ಕೆಂಪಾಗಿದೆ, ರಾತ್ರಿಯೆಲ್ಲ ಉಜ್ಜಿಕೊಳ್ಳುತ್ತೆ, ಅಂಗಡಿಯಿಂದ ತಂದದ್ದನ್ನು ಹಚ್ಚಲು ಭಯ ಎಂದು ಅವರು ಹೇಳಿದಾಗ, ತಾಯಿಯೇ ಮುಂದೆ ಬಿದ್ದು ಹೇಳಿದ್ದಳು: ನಮ್ಮಲ್ಲಿಗೆ ಬನ್ನಿ ಟೀಚರ್, ನಮ್ಮ ಕ್ರೀಮಲ್ಲಿ ಒಂದು ಹನಿ ವಿಷ ಇಲ್ಲ, ನಾನು ಗ್ಯಾರಂಟಿ. ಯಾರ ಮುಂದೆಯೂ ಯಾವುದಕ್ಕೂ ಗ್ಯಾರಂಟಿ ನಿಂತವಳಲ್ಲ ಅವಳು. ಅವತ್ತು ನಿಂತಿದ್ದಳು. ಚೂಟಿ ಅಂದಿನಿಂದ ಒಂದು ಚಿತ್ರ ಬರೆಯುತ್ತಿದ್ದಳು. ದುಂಡು ಮುಖದ ಕೂಸು, ಎರಡು ಕೆನ್ನೆಗೂ ಬಣ್ಣದ ಪೆನ್ಸಿಲಿನ ಗುಲಾಬಿ. ಅದನ್ನು ಸುರುಳಿ ಸುತ್ತಿ, ರಬ್ಬರು ಹಾಕಿ, ಒಂಟಿ ಜಡೆಯಲ್ಲೇ ಹೊರಟಳು.

ಗ್ಯಾರಂಟಿ ನಿಲ್ಲುವಷ್ಟು ನಂಬಿಕೆ ತಾಯಿಗೆ ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳೊಂದು ಬಿಳಿ ಟ್ಯೂಬು ಕೊಂಡಿದ್ದಳು. ತಯಾರಿಸಿದವರ ಹೆಸರಿಲ್ಲ, ಒಳಗೇನಿದೆ ಎಂಬ ಪಟ್ಟಿಯಿಲ್ಲ, ಒಂದು ಬೆಳ್ಳಗಿನ ಹೆಂಗಸಿನ ಚಿತ್ರ ಮಾತ್ರ. ಮೂರು ವಾರ ಮುಖ ಮಿರಮಿರ ಮಿಂಚಿತು. ನಾಲ್ಕನೆಯ ವಾರ ದವಡೆಯ ಪಕ್ಕ ಉರಿಯಿತು, ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯಿತು. ಕೊನೆಗೆ ಅಲ್ಲೊಂದು ಕಪ್ಪು ಕಲೆ ಉಳಿದುಕೊಂಡಿತು, ಅಂಗೈಯಗಲ. ವೈದ್ಯರು ಆ ಟ್ಯೂಬನ್ನು ಎರಡು ಬೆರಳಲ್ಲಿ ಸತ್ತ ಇಲಿಯನ್ನು ಹಿಡಿದಂತೆ ಹಿಡಿದು, ಇದರಲ್ಲಿ ಪಾದರಸ ಇದ್ದರೂ ಇರಬಹುದು ಎಂದಿದ್ದರು. ಅಂದಿನಿಂದ ಅವಳ ಮನೆಯಲ್ಲಿ ಒಂದೇ ನಿಯಮ. ಓದಲಾಗದ್ದನ್ನು ಮೈಗೆ ಹಚ್ಚಬಾರದು. ಮೂಸದೆ ಯಾವುದನ್ನೂ ಒಳಗೆ ಬಿಡಬಾರದು. ಚೂಟಿ ಅಕ್ಷರ ಕಲಿತದ್ದೇ ಶಾಂಪೂ ಬಾಟಲಿಗಳ ಬೆನ್ನು ಓದಿ.

ಹೀಗಿರುವಾಗ ಈ ಒಡತಿ ತನ್ನ ಅಡುಗೆಮನೆಯಲ್ಲಿ ಶುರುಮಾಡಿದ ಕ್ರೀಮಿನ ಕೆಲಸಕ್ಕೆ ಜನ ಬೇಕು ಎಂದಾಗ, ಅವಳಿಗೆ ತವರಿನಿಂದ ಕರೆ ಬಂದಷ್ಟು ಹಿಗ್ಗಾಗಿತ್ತು.

ಅಂಗಡಿ ಇದ್ದುದು ಎರಡು ಬೀದಿ ಆಚೆ. ಮುಂದುಗಡೆ ಗಾಜಿನ ಬಾಗಿಲು, ಬಿಳಿ ಗೋಡೆ, ಮರದ ಕಪಾಟು, ಒಣಹೂವಿನ ಗೊಂಚಲು. ಹಿಂದುಗಡೆ ಒಂದೇ ಕಿಟಕಿಯ ಉದ್ದ ಕೋಣೆ. ಅದರಲ್ಲಿ ಒಲೆ, ಸ್ಟೀಲಿನ ಮೇಜು, ಎರಡು ತೊಟ್ಟಿ. ಸೌತೆಕಾಯಿಯ ರಸ, ಬಾದಾಮಿ ಎಣ್ಣೆ, ಜೇನುಮೇಣ ಸೇರಿಸಿ ಕಡೆದರೆ ಕ್ರೀಮು. ಅದಕ್ಕೆ ಗಾಜಿನ ಡಬ್ಬಿ, ಡಬ್ಬಿಗೆ ಮರದ ಮುಚ್ಚಳ, ಮುಚ್ಚಳದ ಮೇಲೆ ಒಂದು ಚೀಟಿ: "ರಾಸಾಯನಿಕ ಇಲ್ಲ. ಕೂಸಿನ ಕೆನ್ನೆಗೂ ಸೈ." ಖಾಲಿಯಾದ ಡಬ್ಬಿಯನ್ನು ಗಿರಾಕಿಗಳು ವಾಪಸ್ಸು ತಂದುಕೊಟ್ಟರೆ ತೊಳೆದು ಮತ್ತೆ ತುಂಬಿಕೊಡುವುದು ಇಲ್ಲಿಯ ಪದ್ಧತಿ. ಭೂಮಿಗೆ ಕಸ ಮಾಡಬಾರದು ಎಂಬುದು ಒಡತಿಯ ಛಲ. ಆ ಡಬ್ಬಿಗಳನ್ನು ತೊಳೆಯುವುದು ತಾಯಿಯ ಕೆಲಸ.

ತೊಳೆಯುವವಳಿಗೆ ಮಾತ್ರ ಗೊತ್ತು ಜನ ಡಬ್ಬಿಯಲ್ಲಿ ಏನೇನು ಬಿಟ್ಟು ಕಳಿಸುತ್ತಾರೆಂದು. ಮುಖ ನೋಡಿ ಮಣೆ ಹಾಕುತ್ತಾರಂತೆ. ಇವಳು ಡಬ್ಬಿ ನೋಡಿ ಮುಖ ಹೇಳಬಲ್ಲಳು. ಒಂದರ ತಳದಲ್ಲಿ ಸುರುಳಿ ಸುತ್ತಿದ ಉದ್ದ ಕೂದಲು. ಇನ್ನೊಂದರ ಅಂಚಿಗೆ ಅಂಟಿದ ಉಗುರಿನ ಚೂರು, ಚಂದ್ರನ ಹಾಗೆ. ಒಂದರಲ್ಲಿ ಗಾಯದ ಹಕ್ಕಳೆ, ಒಂದರಲ್ಲಿ ರೆಪ್ಪೆಗೆ ಬಳಿದ ಕಪ್ಪು, ಒಂದರಲ್ಲಿ ಯಾರೋ ಸಿಗರೇಟು ಆರಿಸಿದ ಬೂದಿ. ಹೇಸಿಗೆಗೆ ಹೆದರಿದರೆ ಹೊಟ್ಟೆ ಕೇಳುತ್ತದೆಯೆ? ಗಾಜನ್ನು ಕುದಿಸಿದರೆ ಅದಷ್ಟೂ ಹೋಗುತ್ತಿತ್ತು. ತೊಂದರೆ ಮುಚ್ಚಳದ್ದು. ಮರ ಕುದಿಸಿದರೆ ಸೀಳುತ್ತದೆ, ಆದ್ದರಿಂದ ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ವಿನೆಗರ್ ಬಟ್ಟೆಯಲ್ಲಿ ಒರೆಸಿ, ಹಿತ್ತಲ ಬಿಸಿಲಲ್ಲಿ ಎರಡು ದಿನ ಒಣಗಿಸಬೇಕು. ಅದರ ಒಳಸುತ್ತಿನ ಗೀರುಗಳಲ್ಲಿ ಏನು ಕೂತಿರುತ್ತದೋ ದೇವರೇ ಬಲ್ಲ.

ದೇವರ ಜೊತೆಗೆ ಲ್ಯಾಬಿನ ಹುಡುಗಿಯೂ ಬಲ್ಲವಳಾಗಿದ್ದಳು. ಕ್ರೀಮು ಮಾಡುವ ಶಾಸ್ತ್ರವನ್ನೇ ಓದಿ ಇಲ್ಲಿ ಕೆಲಸಕ್ಕೆ ಸೇರಿದವಳು ಅವಳು, ಮೂರು ತಿಂಗಳು ಇದ್ದಳು. ಈ ಮರದ ಮುಚ್ಚಳ ಬಿಡಿ, ಕ್ರೀಮಿಗೆ ಕೆಡದಂತೆ ಕಾಯುವ ಪದಾರ್ಥ ಒಂದು ಚಿಟಿಕೆ ಹಾಕಿ, ಪರೀಕ್ಷೆ ಮಾಡಿ ಸುರಕ್ಷಿತ ಅಂತ ಒಪ್ಪಿದ್ದು ಸಿಗುತ್ತೆ ಎಂದು ದಿನಾ ಹೇಳುತ್ತಿದ್ದಳು. ಒಡತಿ ಕಿವಿ ಮುಚ್ಚಿಕೊಂಡಳು. ಚೀಟಿಯ ಮೇಲೆ "ರಾಸಾಯನಿಕ ಇಲ್ಲ" ಎಂದು ಅಚ್ಚಾಗಿದೆ, ನನ್ನ ಬಾಯಿಂದ ಸುಳ್ಳು ಹೇಳಿಸಬೇಡ ಎಂದಳು. ನೀರೂ ರಾಸಾಯನಿಕವೇ ಎಂದು ಹುಡುಗಿ ನಕ್ಕ ದಿನವೇ ಅವಳಿಗೆ ಕೊನೆಯ ದಿನವಾಯಿತು. ಹೋಗುವಾಗ ಅವಳು ತೊಟ್ಟಿಯ ಹತ್ತಿರ ನಿಂತು ತಾಯಿಗೆ ಹೇಳಿದ್ದಳು: "ನೀರಿದ್ದ ಕಡೆ ಜೀವ ಬಂದೇ ಬರುತ್ತೆ, ಅಕ್ಕಾ. ಕಾವಲು ಇಡದಿದ್ರೆ ಯಾರ್ಯಾರೋ ಬಂದು ಮನೆ ಮಾಡ್ಕೊಳ್ತಾರೆ."

ಆ ಮನೆ ಮಾಡಿಕೊಂಡವರು ಇವತ್ತು ಸ್ಟೀಲಿನ ಮೇಜಿನ ಮೇಲೆ ಸಾಲಾಗಿ ಕೂತಿದ್ದರು.

ಸಂಜೆಯ ಗಿರಾಕಿಗಳಿಗೆಂದು ಹತ್ತು ದಿನದ ಹಿಂದೆ ತುಂಬಿಟ್ಟಿದ್ದ ಡಬ್ಬಿಗಳು ಅವು. ಕ್ರೀಮು ಕಡೆಯುವ ಮುದುಕಿ ಮುಚ್ಚಳಗಳನ್ನು ಒಂದೊಂದಾಗಿ ತೆಗೆದಿಟ್ಟಿದ್ದಳು. ಇವಳನ್ನು ಒಡತಿಯೂ ಸೇರಿ ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಬಿಳಿ ಕ್ರೀಮಿನ ಮೇಲೆ ಬೂದುಹಸಿರಿನ ಬೂಷ್ಟು, ಕೆಲವದರಲ್ಲಿ ಚುಕ್ಕಿಯಷ್ಟು, ಕೆಲವದರಲ್ಲಿ ಇಲಿಮರಿಯ ಮೈಯಂತೆ ರೋಮ ಬಂದಿತ್ತು. ಎರಡು ಡಬ್ಬಿಯಲ್ಲಿ ನಸುಗೆಂಪು ಲೋಳೆ. ವಾಸನೆ ಮೊದಲಿಗೆ ಅಷ್ಟಾಗಿ ಹೊಡೆಯಲಿಲ್ಲ. ಬಗ್ಗಿ ಮೂಸಿದ ಮೇಲೆ, ಒದ್ದೆ ಕಾಲುಚೀಲವನ್ನು ವಾರಗಟ್ಟಲೆ ಚೀಲದಲ್ಲಿ ಮುಚ್ಚಿಟ್ಟಂಥ ಮುಗ್ಗುಲು ಗಂಟಲ ತನಕ ಇಳಿದು ಅಲ್ಲೇ ಕೂತಿತು. ತಾಯಿ ಡಬ್ಬಿಯನ್ನು ದೂರ ತಳ್ಳಿದಳು.

"ಮೇಲೆ ಥಳಕು, ಒಳಗೆ ಹುಳುಕು," ಎಂದಳು ದೊಡ್ಡಮ್ಮ ಮೆಲ್ಲಗೆ. "ಗಾದೆ ಮಾಡಿದೋರು ಈ ಡಬ್ಬಿ ನೋಡೇ ಮಾಡಿರ್ಬೇಕು."

ಒಡತಿ ಬಂದಳು. ಕೆಟ್ಟ ಹೆಂಗಸಲ್ಲ ಅವಳು. ದೊಡ್ಡಮ್ಮನಿಗೆ ಜ್ವರ ಬಂದಾಗ ತಾನೇ ಗಂಜಿ ಕಾಯಿಸಿಕೊಂಡು ಹೋದವಳು. ತನ್ನ ಮಾತನ್ನು ತಾನೇ ಮೊದಲು ನಂಬುವವಳು, ಆದ್ದರಿಂದಲೇ ಅವಳ ಎದುರು ನಿಲ್ಲುವುದು ಕಷ್ಟ. ಎಲ್ಲವನ್ನೂ ಚೆಲ್ಲಿಬಿಡೋಣ ಎಂದು ತಾಯಿ ಹೇಳಿದಾಗ ಅವಳು ಸಿಡಿಯಲಿಲ್ಲ. ಸಮಾಧಾನವಾಗಿ ಒಂದು ಡಬ್ಬಿ ಎತ್ತಿಕೊಂಡು, ಚಮಚದಲ್ಲಿ ಮೇಲಿನ ಬೂಷ್ಟನ್ನು ಹಾಲಿನ ಕೆನೆ ತೆಗೆದಂತೆ ತೆಗೆದು, ಕೆಳಗಿನ ಬಿಳುಪನ್ನು ತೋರಿಸಿದಳು.

"ಬೂಷ್ಟು ಬಂತು ಅಂದ್ರೆ ಏನರ್ಥ ಹೇಳು? ಶುದ್ಧ ಅಂತ ಅರ್ಥ. ವಿಷದಲ್ಲಿ ಹುಳ ಬದುಕುತ್ತಾ? ಅಂಗಡಿ ಕ್ರೀಮು ಎರಡು ವರ್ಷ ಇಟ್ರೂ ಕೆಡಲ್ಲ, ಯಾಕೆ? ಇರುವೆ ಕೂಡ ಮೂಸಲ್ಲ ಅದನ್ನ. ಮೇಲಿಂದು ತೆಗೀರಿ, ಲ್ಯಾವೆಂಡರ್ ಎಣ್ಣೆ ನಾಲ್ಕು ನಾಲ್ಕು ಹನಿ ಬಿಟ್ಟು ಕದಡಿ, ಬೇರೆ ಡಬ್ಬಿಗೆ ತುಂಬಿ. ಮೊಸರಲ್ಲಿ ಕಲ್ಲು ಹುಡುಕ್ತಾ ಕೂತ್ರೆ ಆಗಲ್ಲ."

ಇದು ಕಲ್ಲಲ್ಲ ಅಕ್ಕಾ ಎಂದು ತಾಯಿ ಬಾಯಿ ತೆರೆದಳು. ಮೇಲೆ ಕಾಣುವುದು ಹೂವು, ಬೇರು ಕೆಳಗಿರುತ್ತದೆ ಎಂದು ಲ್ಯಾಬಿನ ಹುಡುಗಿ ಹೇಳಿದ್ದನ್ನು ನೆನಪಿಸಿದಳು. ಸಣ್ಣ ಮಕ್ಕಳಿಗೆ ಹಚ್ಚುವವರಿದ್ದಾರೆ ಎಂದಳು.

ಒಡತಿ ಮೇಜಿನ ಮೇಲಿನ ಒಂದು ಮುಚ್ಚಳವನ್ನು ತಿರುಗಿಸಿ ನೋಡಿದಳು. ಒಳಸುತ್ತಿನ ಗೀರುಗಳಲ್ಲಿ ಅದೇ ಹಸಿರು.

"ಇದು ಶುರುವಾಗಿದ್ದೇ ಮುಚ್ಚಳದಿಂದ ಅಲ್ವಾ? ಮುಚ್ಚಳ ಒಣಗಿಸೋದು ಯಾರ ಕೆಲಸ?"

ತಾಯಿಯ ಕಣ್ಣು ಮುಚ್ಚಳದ ಬುಟ್ಟಿಯ ಕಡೆ ಹೋಯಿತು. ಹತ್ತು ದಿನದ ಹಿಂದೆ ಮೋಡ ಮುಚ್ಚಿತ್ತು. ಮುಚ್ಚಳಗಳು ಹಸಿ ಹಸಿಯಾಗಿಯೇ ಇದ್ದವು. ಪೋಷಕರ ಸಭೆಗೆ ತಡವಾಗುತ್ತದೆಂದು ಅವಳು ಅವನ್ನು ಹಾಗೇ ಬುಟ್ಟಿಗೆ ಸುರಿದು, ಬಟ್ಟೆ ಮುಚ್ಚಿ ಓಡಿದ್ದಳು. ಈ ಡಬ್ಬಿಗಳ ಮೇಲೆ ಕೂತದ್ದು ಆ ಮುಚ್ಚಳಗಳೇ. ಟೀಚರ್ ಮುಂದೆ ಗ್ಯಾರಂಟಿ ನಿಂತದ್ದು ಅದೇ ಮಧ್ಯಾಹ್ನ. ಒಣ ಮುಚ್ಚಳ ಹಾಕಿದ್ದರೂ ಇಂದಲ್ಲ ನಾಳೆ ಈ ಕ್ರೀಮು ಹೀಗೇ ಆಗುತ್ತಿತ್ತು ಎಂದು ಅವಳಿಗೆ ಗೊತ್ತಿತ್ತು. ಆದರೆ ತನ್ನ ಕೈಯೂ ಅದರಲ್ಲಿದೆ ಎಂದು ಗೊತ್ತಾದವಳ ನಾಲಿಗೆ ಅರ್ಧ ಕಟ್ಟಿದ ನಾಲಿಗೆ. ಒಡತಿ ಅವಳ ಹೆಗಲು ತಟ್ಟಿ, ಆಯ್ತು ಬಿಡು, ಯಾರಿಗೂ ಹೇಳಲ್ಲ ಎಂದು ಹೊರಗೆ ಹೂವು ಜೋಡಿಸಲು ಹೋದಳು. ಆ ತಟ್ಟಿದ ಜಾಗ ಬಹಳ ಹೊತ್ತು ಜಿಗುಟಾಗಿಯೇ ಇತ್ತು.

ತಾಯಿ, ದೊಡ್ಡಮ್ಮ ಇಬ್ಬರೂ ಕೂತರು. ಚಮಚ ಇಳಿಸುವುದು, ಎತ್ತುವುದು, ಕಸದ ಬಕೆಟ್ಟಿಗೆ ತಟ್ಟುವುದು. ಬೂಷ್ಟು ಚಮಚಕ್ಕೆ ಅಂಟಿಕೊಂಡು ಇಡಿಯಾಗಿ ಏಳುತ್ತಿತ್ತು, ನೆನೆದ ಕಾಗದ ಎದ್ದಂತೆ. ಕೆಳಗೆ ನೋಡಿದರೆ ಬಿಳಿ ಎಳೆಗಳು ಇನ್ನೂ ಕೆಳಕ್ಕೆ ಹೋಗಿರುತ್ತಿದ್ದವು. ಅಲ್ಲಿಂದಾಚೆಗೆ ತೆಗೆಯುವಂತಿರಲಿಲ್ಲ, ತೆಗೆದರೆ ಡಬ್ಬಿಯೇ ಖಾಲಿ. ಕದಡಬೇಕು. ಕದಡಿದರೆ ಎಳೆಗಳು ಕಾಣುವುದಿಲ್ಲ. ಮೇಲೆ ಲ್ಯಾವೆಂಡರ್ ಬಿಟ್ಟರೆ ಮುಗ್ಗುಲೂ ಇಲ್ಲ. ಅಥವಾ ಇದೆ, ಹೂವಿನ ಹಿಂದೆ ಅಡಗಿಕೊಂಡಿದೆ, ಅತ್ತರು ಹಚ್ಚಿಕೊಂಡು ಬಂದವರ ಬೆವರಿನಂತೆ. ಒಂದು ಡಬ್ಬಿ, ಎರಡು ಡಬ್ಬಿ, ಹತ್ತು ಡಬ್ಬಿ. ತಾಯಿ ಬಾಯಲ್ಲಿ ಉಸಿರಾಡುತ್ತಿದ್ದಳು. ಹಾಗೆ ಮಾಡಿದರೆ ಬಾಯಿಗೂ ಅದರ ರುಚಿ ಹತ್ತಿದಂತಾಗಿ ಮೂಗಿಗೇ ಮರಳುತ್ತಿದ್ದಳು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಿದ್ರು," ಎಂದಳು ದೊಡ್ಡಮ್ಮ. "ಇಲ್ಲಿ ನಮ್ಮ ಕೈ ಕೆಸರು, ಅವರ ಮುಖಕ್ಕೂ ಅದೇ ಕೆಸರು."

ತಾಯಿಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಅಸಹ್ಯವಾಯಿತು.

ಚೂಟಿ ಇಷ್ಟು ಹೊತ್ತು ಕಿಟಕಿಯ ಕೆಳಗೆ ಕೂತು ಚಿತ್ರದ ಕೂಸಿಗೆ ರೆಪ್ಪೆ ಬರೆಯುತ್ತಿದ್ದಳು. ಯಾವಾಗ ಎದ್ದು ಬಂದಳೋ, ತುಂಬಿ ಮುಗಿದ ಡಬ್ಬಿಯೊಂದರಲ್ಲಿ ಬೆರಳದ್ದಿ ಕೆನ್ನೆಗೆ ಹಚ್ಚಿಕೊಂಡು, "ನೋಡು, ನಾನೂ ಕೂಸು," ಎಂದು ತಾಯಿಯ ಮುಂದೆ ಮುಖ ಹಿಡಿದಳು.

ತಾಯಿ ಎದ್ದ ಬಿರುಸಿಗೆ ಸ್ಟೂಲು ಉರುಳಿತು. ಮಗಳ ರಟ್ಟೆ ಹಿಡಿದು ತೊಟ್ಟಿಯ ಹತ್ತಿರ ಎಳೆದೊಯ್ದು, ನಲ್ಲಿ ಬಿಟ್ಟು, ಪಾತ್ರೆ ತೊಳೆಯುವ ಸೋಪನ್ನೇ ಕೆನ್ನೆಗೆ ಹಚ್ಚಿ ಉಜ್ಜಿದಳು. ತೊಳೆದಳು, ಮೂಸಿದಳು, ಸಾಲಲಿಲ್ಲ. ಮತ್ತೆ ಉಜ್ಜಿದಳು. ಬೆರಳನ್ನು ಉಗುರಿನ ಸಂದಿಯ ತನಕ ಉಜ್ಜಿದಳು. ಮೂರನೆಯ ಸಲಕ್ಕೆ ಚೂಟಿಯ ಕೆನ್ನೆ ಕೆಂಪಾಗಿ, ಕಣ್ಣಿಗೆ ನೊರೆ ಹೋಗಿ, ಅವಳು ಬಿಕ್ಕತೊಡಗಿದ್ದಳು. ಮಗಳಿಗೆ ಯಾವತ್ತೂ ಕೈ ಮಾಡದವಳು ಆ ಕೆನ್ನೆಯನ್ನು ನೋಡಿದಳು. ಹೊಡೆದ ಹಾಗೇ ಇತ್ತು.

"ಅದು ಒಳ್ಳೇದಲ್ವಾ?" ಎಂದು ಚೂಟಿ ಬಿಕ್ಕುಗಳ ನಡುವೆ ಕೇಳಿದಳು. "ಅಮ್ಮಾ, ಮತ್ತೆ..."

"ಆಮೇಲೆ ಹೇಳ್ತೀನಿ, ಬಂಗಾರ. ಈಗ ಸುಮ್ನಿರು."

ಸೆರಗಿಲ್ಲದ ಉಡುಪು, ಆದ್ದರಿಂದ ತೋಳಿನಿಂದಲೇ ಮಗಳ ಮುಖ ಒರೆಸಿದಳು. ಚೂಟಿ ಸುಮ್ಮನಾದಳು. ಸುಮ್ಮನಾಗುವುದು ಬೇರೆ, ಮರೆಯುವುದು ಬೇರೆ. ಮರೆಯುವ ಜಾತಿಯಲ್ಲ ಅವಳು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ತಾಯಿಗೆ ತುತ್ತು ಎತ್ತಲಾಗಲಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಸ್ಥಿತಿ. ಎಲ್ಲರ ಮುಂದೆ ಹೇಳಿಬಿಟ್ಟರೆ, ಮುಚ್ಚಳ ಒಣಗಿಸದೆ ಬಿಟ್ಟವಳೂ ಅವಳೇ, ಬೂಷ್ಟು ಕದಡಿದವಳೂ ಅವಳೇ. ಹೇಳದಿದ್ದರೆ, ಟೀಚರ ಕೂಸಿನ ಒಡೆದ ಕೆನ್ನೆ. ಅಷ್ಟರಲ್ಲಿ ಕಪಾಟಿನ ಮೂಲೆಯ ತಗಡಿನ ಡಬ್ಬಿಗಳು ಕಣ್ಣಿಗೆ ಬಿದ್ದವು. ಬರೀ ಎಣ್ಣೆ ಮತ್ತು ಮೇಣ ಕಾಯಿಸಿ ಹೆಪ್ಪುಗಟ್ಟಿಸಿದ ಮುಲಾಮು. ನೀರಿಲ್ಲ, ಮರದ ಮುಚ್ಚಳವಿಲ್ಲ. ನೀರಿಲ್ಲದ ಕಡೆ ಅವರು ಮನೆ ಮಾಡುವುದಿಲ್ಲ ಎಂದು ಲ್ಯಾಬಿನ ಹುಡುಗಿ ಹೇಳಿದ್ದು ನೆನಪಿತ್ತು. ಒಂದನ್ನು ತೆರೆದು ಮೂಸಿದಳು, ತನ್ನ ದವಡೆಯ ಕಲೆಗೇ ಹಚ್ಚಿ ನೋಡಿದಳು. ಎರಡು ಡಬ್ಬಿ ಎತ್ತಿ ಮುಂದಿನ ಕೌಂಟರಿನ ಕೆಳಗೆ ಇಟ್ಟಳು. ಟೀಚರಿಗೆ ಇದನ್ನು ಕೊಟ್ಟು ಕಳಿಸಿದರಾಯಿತು, ಮಿಕ್ಕವರದ್ದು ಅವರವರ ಹಣೆಬರಹ ಎಂದುಕೊಂಡಳು. ಎದೆ ಹಗುರವಾಯಿತು. ಆ ಹಗುರದಲ್ಲೂ ಏನೋ ಮುಗ್ಗುಲು ಇದ್ದಂತಿತ್ತು. ಮಿಕ್ಕವರ ಮನೆಯಲ್ಲಿ ಕೂಸುಗಳಿಲ್ಲವೆ? ಆ ಪ್ರಶ್ನೆಯ ಮೇಲೂ ಅವಳು ನಾಲ್ಕು ಹನಿ ಲ್ಯಾವೆಂಡರ್ ಬಿಟ್ಟಳು.

ಮೂರೂವರೆಗೆ ಇನ್ನೊಂದು ಜಡೆ ಹಾಕಲು ಮಗಳನ್ನು ಮೊಣಕಾಲ ನಡುವೆ ಕೂರಿಸಿಕೊಂಡಳು. ಚೂಟಿ ತಲೆಯನ್ನು ಅತ್ತ ವಾಲಿಸಿದಳು.

"ನಿನ್ನ ಕೈ ವಾಸನೆ, ಅಮ್ಮಾ."

"ತೊಳ್ಕೊಂಡಿದ್ದೀನಿ ಕಣೇ."

"ಆದ್ರೂ."

ಎದ್ದು ಮತ್ತೆ ತೊಳೆದು ಬಂದಳು. ವಾಸನೆ ತಾಗಬಾರದೆಂದು ಬೆರಳ ತುದಿಯಲ್ಲೇ ಹೆಣೆದದ್ದರಿಂದ ಎರಡನೆಯ ಜಡೆ ಮೊದಲನೆಯದಕ್ಕಿಂತ ಸಡಿಲವಾಯಿತು. ಚೂಟಿ ಏನೋ ಕೇಳಲು ತಿರುಗಿದಳು. ಅಷ್ಟರಲ್ಲಿ ಗಾಜಿನ ಬಾಗಿಲ ಗಂಟೆ ಹೊಡೆಯಿತು.

ನಾಲ್ಕೂಕಾಲರ ಹೊತ್ತಿಗೆ ಮುಂದಿನ ಕೋಣೆ ತುಂಬಿತ್ತು. ಇಪ್ಪತ್ತೈದು ಮೂವತ್ತು ಹೆಂಗಸರು, ಕೈಯಲ್ಲಿ ಖಾಲಿ ಡಬ್ಬಿಗಳು. ಒಡತಿ ಬಿಳಿ ಉಡುಪಿನಲ್ಲಿ ನಡುವೆ ನಿಂತು ಮಾತಾಡಿದಳು. ಹೆಸರಿಲ್ಲದ ಟ್ಯೂಬುಗಳ ಪಾದರಸದ ಬಗ್ಗೆ, ಪಟ್ಟಿಯೇ ಇಲ್ಲದ ಪೊಟ್ಟಣಗಳ ಬಗ್ಗೆ, ಸುವಾಸನೆ ಎಂಬ ಒಂದೇ ಪದದ ಹಿಂದೆ ಹತ್ತು ಪದಾರ್ಥ ಬಚ್ಚಿಡುವವರ ಬಗ್ಗೆ. ಮೋಸ ಹೋಗಬೇಡಿ, ಕೇಳಿ, ಓದಿ ಎಂದಳು. ಹೆಂಗಸರು ತಲೆದೂಗಿದರು. ಹಿಂದಿನ ಬಾಗಿಲಿಗೆ ಆತು ನಿಂತಿದ್ದ ತಾಯಿಗೆ ಅದರಲ್ಲಿ ಒಂದು ಮಾತೂ ಸುಳ್ಳೆನಿಸಲಿಲ್ಲ. ಅವಳ ದವಡೆಯೇ ಅದಕ್ಕೆ ಸಾಕ್ಷಿ. ಅಷ್ಟು ನಿಜವನ್ನು ತಂದು ಈ ಡಬ್ಬಿಗಳಿಗೆ ಮುಚ್ಚಳ ಮಾಡಿದ್ದರು. ಹೆಂಗಸರು ಸಾಲಿನಲ್ಲಿ ಬಂದು ಮಾದರಿಯ ಡಬ್ಬಿಯಲ್ಲಿ ಬೆರಳದ್ದಿ ಮುಂಗೈಗೆ ಸವರಿಕೊಂಡು ಮೂಸಿ, ಆಹಾ ಏನು ಘಮ ಎನ್ನುತ್ತಿದ್ದರು. ಒಬ್ಬಳು ತುಟಿಗೂ ಹಚ್ಚಿಕೊಂಡಳು. ತಾಯಿ ಮುಖ ತಿರುಗಿಸಿದಳು.

ಟೀಚರ್ ಬಂದರು, ಎದೆಗೆ ಕಟ್ಟಿಕೊಂಡ ಚೀಲದಲ್ಲಿ ಕೂಸು. ಚೂಟಿ ಓಡಿಹೋಗಿ ಅವರ ಮುಂದೆ ನಿಂತವಳು ನಾಚಿಕೆಯಿಂದ ಸುರುಳಿಯನ್ನು ಚಾಚಿದಳು. ಟೀಚರ್ ಬಿಡಿಸಿ ನೋಡಿ, ಇವನ ಕೆನ್ನೆ ಯಾವಾಗ ಇಷ್ಟು ನುಣುಪಾಗುತ್ತೋ ನೋಡೋಣ ಎಂದು ನಕ್ಕರು. ನಿಜವಾದ ಕೆನ್ನೆ ಒಣಗಿದ ಕೆಸರಿನಂತೆ ಬಿರುಕು ಬಿಟ್ಟಿತ್ತು. ಬಿರುಕಿನ ಸಂದಿಯಲ್ಲಿ ಕೆಂಪು. ಕೂಸು ಅದನ್ನು ಟೀಚರ ಭುಜಕ್ಕೆ ಉಜ್ಜುತ್ತಿತ್ತು.

ತಾಯಿ ಕೌಂಟರಿನ ಕೆಳಗಿನಿಂದ ತಗಡಿನ ಡಬ್ಬಿಗಳನ್ನು ತೆಗೆದು ಟೀಚರ ಕೈಗಿತ್ತಳು. "ಇದೇ ತಗೊಳ್ಳಿ ಟೀಚರ್. ಕೂಸಿಗೆ ಇದೇ ಸರಿ. ಬರೀ ಎಣ್ಣೆ, ಮೇಣ. ಅದಕ್ಕೂ ಮೊದಲು ಡಾಕ್ಟರಿಗೆ ಒಂದ್ಸಲ ತೋರಿಸಿ."

"ನೀವು ಹೇಳಿದ್ಮೇಲೆ ಮುಗೀತು," ಎಂದರು ಟೀಚರ್. ಡಬ್ಬಿಗಳು ಅವರ ಹೆಗಲಿನ ಕೈಚೀಲದ ಬಾಯಿಗೆ ಹೋದವು. ತಾಯಿ ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟಳು.

ಬಿಟ್ಟದ್ದೇ ತಪ್ಪಾಯಿತೇನೋ. ಒಡತಿ ಅಲ್ಲಿಂದಲೇ ನೋಡಿ ನಗುತ್ತ ಬಂದಳು.

"ಅಯ್ಯೋ, ಅದು ಹಿಮ್ಮಡಿ ಒಡೆದ್ರೆ ಹಚ್ಚೋದು. ಕಾಲಿಂದನ್ನ ಕೂಸಿನ ಕೆನ್ನೆಗೆ ಕೊಡ್ತಿದ್ದೀಯಲ್ಲ."

ಹೆಂಗಸರು ಗೊಳ್ಳೆಂದು ನಕ್ಕರು. ಟೀಚರೂ ನಕ್ಕರು. ಒಡತಿ ತಗಡಿನ ಡಬ್ಬಿಗಳನ್ನು ಚೀಲದಿಂದ ತೆಗೆದು ಬದಿಗಿಟ್ಟು, ಸಾಲಿನಿಂದ ಒಂದು ಗಾಜಿನ ಡಬ್ಬಿ ಆರಿಸಿ, ಮರದ ಮುಚ್ಚಳವನ್ನು ತಿರುಗಿಸಿ ತೆಗೆದು, ಎರಡೂ ಕೈಯಲ್ಲಿ ನೀಡಿದಳು. ಇದು ನನ್ನ ಕಡೆಯಿಂದ ಕೂಸಿಗೆ ಉಡುಗೊರೆ, ಇಲ್ಲೇ ಒಂದು ಸಲ ಹಚ್ಚಿ ನೋಡಿ, ಎಲ್ಲರೂ ನೋಡಲಿ ಎಂದಳು. ಟೀಚರ್ ಬೆರಳದ್ದಿದರು. ಒಂದು ಕಡಲೆಕಾಳಿನಷ್ಟು ಬಿಳುಪು ಬೆರಳ ತುದಿಗೆ ಬಂತು. ಅದರ ಕೆಳಗೆ ಡಬ್ಬಿಯಲ್ಲಿ ಕೂದಲಿಗಿಂತ ತೆಳ್ಳಗಿನ ಒಂದು ಎಳೆ ಎದ್ದು ನಿಂತದ್ದು ತಾಯಿಗೆ ಮಾತ್ರ ಕಂಡಿತು. ಎಲ್ಲಿ ನೋಡಬೇಕೆಂದು ಅವಳಿಗೆ ಮಾತ್ರ ಗೊತ್ತಿತ್ತು.

ಟೀಚರ್ ಒಂದು ಕ್ಷಣ ಅನುಮಾನಿಸಿ ತಾಯಿಯ ಕಡೆ ನೋಡಿದರು. ಯಾಕೆಂದರೆ ಗ್ಯಾರಂಟಿ ನಿಂತವಳು ಅವಳು.

ಒಡತಿ ತಾಯಿಯ ಹೆಗಲ ಮೇಲೆ ಕೈ ಹಾಕಿದಳು. "ಇವರನ್ನೇ ಕೇಳಿ. ಇವರ ಮಗಳಿಗೂ ಇದನ್ನೇ ಹಚ್ಚೋದು. ಅಲ್ವಾ?"

ಕೋಣೆಯ ಅಷ್ಟೂ ಮುಖಗಳು ತಿರುಗಿದವು. ಹಿಂದಿನ ಬಾಗಿಲಲ್ಲಿ ದೊಡ್ಡಮ್ಮ ಸೌಟು ಹಿಡಿದು ನಿಂತಿದ್ದಳು, ಅವಳೂ ನೋಡುತ್ತಿದ್ದಳು. ತಾಯಿಯ ಗಂಟಲಲ್ಲಿ ಬೆಳಗಿನ ಮುಗ್ಗುಲು ಅಲ್ಲೇ ಕೂತಿತ್ತು. ಅದರ ಕೆಳಗೆ ಎಲ್ಲ ಮಾತೂ ಇತ್ತು, ಬೇರು ಬಿಟ್ಟುಕೊಂಡು. ಬಾಯಿ ತೆರೆದಳು. ಬಾಯಲ್ಲಿ ಬಾಚಣಿಗೆ ಇರಲಿಲ್ಲ.

"ಹೂಂ," ಎಂದಳು.

ಟೀಚರ ಮುಖ ಸಡಿಲವಾಯಿತು. ಬೆರಳು ಕೂಸಿನ ಕೆನ್ನೆಯ ಕಡೆ ಹೊರಟಿತು. ಒಂದು ಬಿಗಿ, ಒಂದು ಸಡಿಲ, ಎರಡು ಜಡೆಯ ಹುಡುಗಿ ಟೀಚರ ಕೈಯನ್ನು ನೋಡಿದಳು, ಆಮೇಲೆ ತಾಯಿಯ ಬಾಯನ್ನು ನೋಡಿದಳು. ಸೋಪಿಗೆ ಕೆಂಪಾದ ತನ್ನ ಕೆನ್ನೆಯನ್ನು ಒಮ್ಮೆ ಮುಟ್ಟಿಕೊಂಡಳು. ದನಿ ಎತ್ತರಿಸಲಿಲ್ಲ. ಶಾಲೆಯಲ್ಲಿ ಅರ್ಥವಾಗದ ಪಾಠವನ್ನು ಕೇಳುವಂತೆಯೇ, ಟೀಚರಿಗೂ ಕೇಳಿಸುವಂತೆ, ಬಿಡಿಸಿ ಬಿಡಿಸಿ ಕೇಳಿದಳು:

"ಅಮ್ಮಾ, ಮತ್ತೆ ಬೆಳಿಗ್ಗೆ ನಾನು ಹಚ್ಕೊಂಡಾಗ ಯಾಕೆ ಸೋಪು ಹಾಕಿ ಮೂರು ಸಲ ತೊಳೆದೆ?"